ಬಾಲ್ ಕೂರಲಿ, ಆಮೇಲೆ ಗಾಳಿ ಬರಲಿ

ಪ್ರಶ್ನೆ: ನಾನು ಬೆಂಗಳೂರಿನ ರಾಜಾಜಿನಗರದವನು. ಮೆಕ್ಯಾನಿಕಲ್ ಡಿಪ್ಲೊಮಾ ಕೊನೇ ವರ್ಷ ಓದುತ್ತಿದ್ದೇನೆ. ಗೆಳೆಯರು ಸೇರಿ ಮನೆಯಲ್ಲೇ ಪೇಂಟ್‌ಬಾಲ್ ಹಾರಿಸುವ ಯಂತ್ರ ಮಾಡುತ್ತಿದ್ದೇವೆ. ಗಾಳಿ ತುಂಬಲು ಪಿವಿಸಿ ಪೈಪಿನ ಟ್ಯಾಂಕ್, ಸೈಕಲ್ ಪಂಪ್, ಮೇಲೆ ಬಾಲ್ ತುಂಬಿಡಲು ಬಾಟಲಿ ಕತ್ತರಿಸಿ ಮಾಡಿದ ಹಾಪರ್. ಚಿತ್ರ ಬರೆದು ಕಳಿಸಿದ್ದೇನೆ. ಮೂರು ತೊಂದರೆ ಕಾಡುತ್ತಿವೆ. ಬಾಲ್ ಒಳಗೇ ಒಡೆಯುತ್ತದೆ. ಕೆಲವು ಸಲ ಎರಡು ಬಾಲ್ ಒಟ್ಟಿಗೆ ಹೋಗುತ್ತವೆ. ಗಾಳಿ ಬಿಟ್ಟಾಗ ಹಾಪರಿನ ಬಾಲ್‌ಗಳು ಮೇಲಕ್ಕೆ ಹಾರುತ್ತವೆ. ಒತ್ತಡ ಜಾಸ್ತಿ ಮಾಡಬೇಕಾ? ಲೋಡಿಂಗ್, ಫೈರಿಂಗ್ ಎರಡನ್ನೂ ಹೇಗೆ ವಿನ್ಯಾಸ ಮಾಡಬೇಕು?

ಉತ್ತರ: ಮೊದಲು ಪಂಪ್ ಪಕ್ಕಕ್ಕಿಡಿ. ಟ್ಯಾಂಕಿನಲ್ಲಿ ಗಾಳಿ ಇದ್ದರೆ ನಿಧಾನವಾಗಿ ಬಿಟ್ಟುಬಿಡಿ. ಒತ್ತಡ ಜಾಸ್ತಿ ಮಾಡಿದರೆ ನಿಮ್ಮ ಮೂರು ತೊಂದರೆಗಳಲ್ಲಿ ಒಂದೂ ಹೋಗುವುದಿಲ್ಲ. ಮೂರೂ ಹುಟ್ಟುವುದು ಒಂದೇ ಕಡೆ. ಗಾಳಿ ಬರುವ ಹೊತ್ತಿಗೆ ಬಾಲ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಅದು ಒಳಗೆ ಬಂದ ಬಾಗಿಲು ಮುಚ್ಚಿಲ್ಲ. ಹಾಗಾಗಿ ಈ ಉತ್ತರದಲ್ಲಿ ಲೋಡಿಂಗ್ ಬಗ್ಗೆ ತುಂಬ ಬರೆಯುತ್ತೇನೆ. ಫೈರಿಂಗ್ ಒಳಗೆ ಏನು ನಡೆಯುತ್ತದೆ ಅಂತ ವಿವರಿಸುತ್ತೇನೆ, ಆದರೆ ಅದನ್ನು ಮನೆಯಲ್ಲಿ ಕಟ್ಟುವ ವಿಧಾನ ಹೇಳುವುದಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ನಿಮ್ಮ ವಿನ್ಯಾಸದ ಒಡೆಯ ಬಾಲ್. ಅದನ್ನು ಮೊದಲು ತಿಳಿದುಕೊಳ್ಳಿ. ಸಾಮಾನ್ಯ ಪೇಂಟ್‌ಬಾಲ್ 0.68 ಇಂಚು, ಅಂದರೆ 17.3 ಮಿಲಿಮೀಟರ್. ತೂಕ ಸುಮಾರು 3 ಗ್ರಾಂ. ಹೊರಗಿನ ಸಿಪ್ಪೆ ಜೆಲಟಿನ್, ಔಷಧಿ ಕ್ಯಾಪ್ಸೂಲಿನದೇ ಜಾತಿ. ಒಳಗೆ ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ, ಅದರಲ್ಲಿ ಬಹುಪಾಲು ಪಾಲಿಎಥಿಲೀನ್ ಗ್ಲೈಕಾಲ್. ಮೊದಮೊದಲು ಒಳಗೆ ಎಣ್ಣೆ ಬಣ್ಣವೇ ಇರುತ್ತಿತ್ತು, ಯಾಕೆಂದರೆ ಈ ಯಂತ್ರ ಹುಟ್ಟಿದ್ದು ಆಟಕ್ಕಲ್ಲ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿಗೆ ಡೈಸಿ ಕಂಪನಿ ಮಾಡಿಕೊಟ್ಟ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲನ್ನು ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ದೂರದಿಂದ ಗುರುತು ಹಾಕಲು ಬಳಸುತ್ತಿದ್ದರು. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಕಾಡಿನಲ್ಲಿ 12 ಜನ ಅದನ್ನೇ ಹಿಡಿದು ಮೊದಲ ಆಟ ಆಡಿದರು. ಆಟಗಾರರು ಇವತ್ತಿಗೂ ಅದನ್ನು ಗನ್ ಅನ್ನದೆ ಮಾರ್ಕರ್ ಅನ್ನುವುದು ಅಲ್ಲಿಂದ ಬಂದದ್ದು.

ಜೆಲಟಿನ್ ಗಾಳಿಯ ತೇವ ಹೀರುತ್ತದೆ. ಜುಲೈ ಆಗಸ್ಟಿನಲ್ಲಿ ಡಬ್ಬ ತೆರೆದಿಟ್ಟರೆ ಬಾಲ್ ಊದಿ ಮೆತ್ತಗಾಗುತ್ತದೆ. ಫೆಬ್ರವರಿ ಮಾರ್ಚಿನ ಒಣ ಹವೆಗೆ ಗಡುಸಾಗಿ ಸುಮ್ನೆ ಬಿರುಕು ಬಿಡುತ್ತದೆ. ಒಂದೇ ಕಡೆ ಬಹಳ ದಿನ ಇಟ್ಟರೆ ತಳ ಚಪ್ಪಟೆಯಾಗುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬದಲ್ಲಿ, ನೆರಳಿನಲ್ಲಿ ಇಟ್ಟು, ಆಗಾಗ ಡಬ್ಬ ಮಗುಚಿ. ಯಂತ್ರಕ್ಕೆ ಹಾಕುವ ಮುಂಚೆ ಹತ್ತಿಪ್ಪತ್ತು ಬಾಲ್‌ಗಳನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಸಿಪ್ಪೆಯ ಎರಡು ಅರ್ಧ ಸೇರುವ ಗೆರೆಯ ಉದ್ದಕ್ಕೆ ಒಂದು ಅಳತೆ, ಅದಕ್ಕೆ ಅಡ್ಡಲಾಗಿ ಇನ್ನೊಂದು. ಎರಡೂ ಒಂದೇ ಬರುವುದು ಅಪರೂಪ. ನೀವು ಕೊರೆಯುವ ತೂತಿನ ಅಳತೆ ನಿಂತಿರುವುದು ಈ ಪಟ್ಟಿಯ ದೊಡ್ಡ ಸಂಖ್ಯೆಯ ಮೇಲೆ, ಡಬ್ಬದ ಮೇಲೆ ಬರೆದ ಸಂಖ್ಯೆಯ ಮೇಲೆ ಅಲ್ಲ.

ಈಗ ಹಾಪರ್. ಬಾಟಲಿ ತಲೆಕೆಳಗು ಮಾಡಿದರೆ ಬಾಲ್ ತಾನೇ ಇಳಿಯುತ್ತದೆ ಅಂದುಕೊಂಡಿದ್ದೀರಿ ಅಲ್ವಾ? ಒಂದು ಬಾಲಿನಗಲದ ಕುತ್ತಿಗೆಗೆ ಮೂರ್ನಾಲ್ಕು ಬಾಲ್ ಒಟ್ಟಿಗೆ ಬಂದರೆ ಒಂದಕ್ಕೊಂದು ಒತ್ತಿಕೊಂಡು ಕಮಾನು ಕಟ್ಟುತ್ತವೆ, ಮೆಜೆಸ್ಟಿಕ್‌ನಲ್ಲಿ ಬಸ್ ಬಾಗಿಲಿಗೆ ಒಟ್ಟಿಗೆ ನುಗ್ಗಿದವರ ಹಾಗೆ. ಎಲ್ಲರೂ ತಳ್ಳುತ್ತಾರೆ, ಯಾರೂ ಹತ್ತುವುದಿಲ್ಲ. ಇಳಿಜಾರು ಹೆಚ್ಚಿಸಿದರೆ ಇದು ಪೂರ್ತಿ ಹೋಗುವುದಿಲ್ಲ. ಕಮಾನನ್ನು ಕದಡಲು ಒಳಗೆ ಒಂದು ರೆಕ್ಕೆ ಬೇಕು. ಎಸ್‌.ಪಿ. ರೋಡಿನಲ್ಲಿ ಸಿಗುವ ಚಿಕ್ಕ ಗೇರ್ ಮೋಟರ್ ಸಾಕು. ಅದಕ್ಕೆ ಮೆತ್ತಗಿನ ಸಿಲಿಕಾನ್ ರೆಕ್ಕೆ ಹಾಕಿ, ನಿಮಿಷಕ್ಕೆ 60 ಸುತ್ತಿಗಿಂತ ಕಡಿಮೆ ಇಡಿ. ಗಟ್ಟಿ ಪ್ಲಾಸ್ಟಿಕ್ ರೆಕ್ಕೆ ಹಾಕಿದರೆ ಹಾಪರಿನಲ್ಲೇ ಬಣ್ಣ ಸೋರುತ್ತದೆ.

ಹಾಪರಿನಿಂದ ಕೆಳಗೆ ಬರುವ ಕೊಳವೆ, ಅಂದರೆ ಫೀಡ್ ನೆಕ್, ಬಾಲಿಗಿಂತ ಒಂದು ಒಂದೂವರೆ ಮಿಲಿಮೀಟರ್ ಅಗಲ ಇರಲಿ. ಅದಕ್ಕಿಂತ ಜಾಸ್ತಿ ಅಗಲವಾದರೆ ಬಾಲ್‌ಗಳು ಸಾಲು ತಪ್ಪಿ ಅಂಕುಡೊಂಕಾಗಿ ನಿಲ್ಲುತ್ತವೆ, ಪಕ್ಕದ ಗೋಡೆಗೆ ಒತ್ತಿ ಸಿಕ್ಕಿಕೊಳ್ಳುತ್ತವೆ. ಈ ಕೊಳವೆ ಬ್ರೀಚ್ ಸೇರುವ ಜಾಗ ಇದೆಯಲ್ಲ, ಬಾಲ್ ಬಂದು ಕೂರುವ ಕೋಣೆ, ಅಲ್ಲಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಡ್ರಿಲ್ ಹೊರಬಂದ ಕಡೆ ಬ್ಲೇಡಿನ ಹಾಗೆ ಚೂಪು ಇರುತ್ತದೆ. ಬಾಲ್ ಒಡೆಯುತ್ತಿದೆ ಅಂತ ಬರುವ ಯಂತ್ರಗಳಲ್ಲಿ ನಾನು ಮೊದಲು ನೋಡುವುದು ಈ ಅಂಚನ್ನೇ. ಅರ್ಧ ಮಿಲಿಮೀಟರ್ ಓರೆ ಮಾಡಿ, ನುಣ್ಣನೆಯ ಎಮೆರಿ ಕಾಗದ ಹಿಡಿಯಿರಿ. ತ್ರೀಡಿ ಪ್ರಿಂಟ್ ಮಾಡಿದ ಬ್ರೀಚ್ ಆದರೆ ಒಳಗಿನ ಪದರದ ಗೆರೆಗಳೂ ಸಿಪ್ಪೆ ಕೆರೆಯುತ್ತವೆ, ಅವನ್ನೂ ಉಜ್ಜಬೇಕು. ಸಾಧ್ಯವಾದರೆ ಪೀಣ್ಯದಲ್ಲಿ ಯಾವುದಾದರೂ ಚಿಕ್ಕ ವರ್ಕ್‌ಶಾಪಿನಲ್ಲಿ ಅಲ್ಯುಮಿನಿಯಂ ಅಥವಾ ಅಕ್ರಿಲಿಕ್ ತುಂಡನ್ನು ಲೇತ್‌ನಲ್ಲಿ ಬೋರ್ ಮಾಡಿಸಿ. ಅಕ್ರಿಲಿಕ್ ಆದರೆ ಒಳಗೆ ನಡೆಯುವುದು ಕಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಮುಖ್ಯವಾದ ಭಾಗ ಬೋಲ್ಟ್. ಇದು ಬ್ರೀಚ್ ಒಳಗೆ ಹಿಂದೆ ಮುಂದೆ ಓಡಾಡುವ ದುಂಡನೆಯ ಕಡ್ಡಿ. ಹಿಂದೆ ಹೋದಾಗ ಮೇಲಿನಿಂದ ಒಂದು ಬಾಲ್ ಬೀಳಲು ಜಾಗ ಕೊಡುತ್ತದೆ. ಮುಂದೆ ಬಂದಾಗ ಆ ಬಾಲನ್ನು ಬ್ಯಾರೆಲಿನ, ಅಂದರೆ ಬಾಲ್ ಹೊರಹೋಗುವ ನಳಿಗೆಯ, ಬಾಯಿಗೆ ತಳ್ಳಿ, ಮೇಲಿನ ತೂತನ್ನು ತನ್ನ ಮೈಯಿಂದ ಮುಚ್ಚುತ್ತದೆ. ಎರಡನೇ ಕೆಲಸವನ್ನು ನಿಮ್ಮ ಚಿತ್ರದಲ್ಲಿ ಮರೆತಿದ್ದೀರಿ. ನಿಮ್ಮ ಯಂತ್ರದಲ್ಲಿ ಬೋಲ್ಟ್ ಮುಂದೆ ಬಂದಾಗಲೂ ತೂತು ತೆರೆದೇ ಇದೆ. ಗಾಳಿಗೆ ಎರಡು ದಾರಿ ಸಿಕ್ಕಿತು. ಒಂದು ಪಾಲು ಬ್ಯಾರೆಲಿಗೆ, ಇನ್ನೊಂದು ಪಾಲು ಹಾಪರಿಗೆ. ಬಾಲ್‌ಗಳು ಮೇಲಕ್ಕೆ ಹಾರುವುದು ಅದಕ್ಕೇ. ಬೋಲ್ಟಿನ ಓಟ ಕನಿಷ್ಠ 22ರಿಂದ 25 ಮಿಲಿಮೀಟರ್ ಇರಲಿ. ಮುಂದೆ ಬಂದು ನಿಂತಾಗ ಅದರ ಮೈ ತೂತಿನ ಎರಡೂ ಅಂಚನ್ನು ದಾಟಿ ಮೂರ್ನಾಲ್ಕು ಮಿಲಿಮೀಟರ್ ಆದರೂ ಚಾಚಿರಲಿ. ಮುಂದಿನ ಮುಖ ಚಪ್ಪಟೆ ಬೇಡ, ಬಾಲಿಗೆ ಹೊಂದುವ ತಗ್ಗು ಇರಲಿ, ಅಂಚಿಗೆ ರಬ್ಬರ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಒಂದು ಲೆಕ್ಕ. ಬಾಲ್ ನಿಂತಲ್ಲಿಂದ ತನ್ನದೇ ವ್ಯಾಸದಷ್ಟು, 17.3 ಮಿಲಿಮೀಟರ್, ಕೆಳಗೆ ಬೀಳಲು ಎಷ್ಟು ಹೊತ್ತು ಬೇಕು? ದೂರದ ಎರಡರಷ್ಟನ್ನು 9.81ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಸುಮಾರು 60 ಮಿಲಿಸೆಕೆಂಡ್ ಬರುತ್ತದೆ. ಅಂದರೆ ಬೋಲ್ಟ್ ಸೊನ್ನೆ ಸಮಯದಲ್ಲಿ ಓಡಿದರೂ, ಬರೀ ತೂಕದಿಂದ ಇಳಿಯುವ ಹಾಪರ್ ಸೆಕೆಂಡಿಗೆ 16 ಬಾಲ್ ದಾಟಲಾರದು. ನಿಜದಲ್ಲಿ ಎಂಟು ಹತ್ತಕ್ಕೆ ಸುಸ್ತಾಗುತ್ತದೆ. ಅದಕ್ಕೇ ವೇಗದ ಮಾರ್ಕರ್‌ಗಳಿಗೆ ಮೋಟರಿನಿಂದ ಬಾಲನ್ನು ಒತ್ತಿ ಕೊಡುವ ಹಾಪರ್ ಬಂತು. ನಿಮಗೆ ಆ ವೇಗ ಬೇಡ. ಬೋಲ್ಟ್ ಹಿಂದೆ ಹೋದ ಮೇಲೆ 150 ಮಿಲಿಸೆಕೆಂಡ್ ತೆರೆದೇ ಇರಲಿ. ಬಾಲ್ ಬಿದ್ದು, ಪುಟಿದು, ನೆಲೆ ನಿಲ್ಲಲು ಅಷ್ಟು ಹೊತ್ತು ಕೊಡಿ. ಈಗ ನಿಮ್ಮದರಲ್ಲಿ ಅರ್ಧ ಬಿದ್ದ ಬಾಲನ್ನೇ ಬೋಲ್ಟ್ ಬಂದು ಕತ್ತರಿಸುತ್ತಿರಬೇಕು. ಒಳಗೆ ಸಿಗುವ ಸಿಪ್ಪೆ ಸರಿಯಾಗಿ ಅರ್ಧಕ್ಕೆ ಕೊಯ್ದ ಹಾಗೆ ಇದ್ದರೆ ಅದೇ ಕಾರಣ. ಚೂರುಚೂರಾಗಿದ್ದರೆ ಬ್ಯಾರೆಲ್ ಬಿಗಿ, ಅಥವಾ ಗಾಳಿ ಒಮ್ಮೆಲೇ ಬಡಿಯುತ್ತಿದೆ.

ಸಮಯ ಕೊಟ್ಟರೂ ಹಾಪರ್ ಖಾಲಿಯಾದಾಗಲೋ ಕಮಾನು ಕಟ್ಟಿದಾಗಲೋ ತಪ್ಪು ಆಗುತ್ತದೆ. ಅದಕ್ಕೆ ಕಣ್ಣು ಬೇಕು. ಬ್ರೀಚಿನ ಒಂದು ಪಕ್ಕ ಇನ್‌ಫ್ರಾರೆಡ್ ಎಲ್‌ಇಡಿ, ಎದುರು ಪಕ್ಕ ಅದನ್ನು ನೋಡುವ ಸೆನ್ಸರ್. ಬಾಲ್ ಬಂದರೆ ಕಿರಣ ಕಡಿಯುತ್ತದೆ. ಒಳ್ಳೆಯ ಎಲೆಕ್ಟ್ರಾನಿಕ್ ಮಾರ್ಕರ್‌ಗಳಲ್ಲಿ ಇರುವುದೂ ಇದೇ. ಆದರೆ ಕಿರಣ ಕಡಿದ ತಕ್ಷಣ ಬೋಲ್ಟ್ ಓಡಿಸಬೇಡಿ. ಕಿರಣ ಬ್ರೀಚಿನ ನಡುಮಟ್ಟದಲ್ಲಿದ್ದರೆ ಬಾಲಿನ ತಳ ಅಲ್ಲಿಗೆ ಬಂದಾಗಲೇ ಕಡಿಯುತ್ತದೆ. ಬಾಲ್ ಇನ್ನೂ ಅರ್ಧ ಹೊರಗೇ ಇರುತ್ತದೆ. ಉಳಿದ ಅರ್ಧ ಇಳಿಯಲು ಇನ್ನೂ 18 ಮಿಲಿಸೆಕೆಂಡ್ ಬೇಕು. ಹಾಗಾಗಿ ಕಿರಣ 25 ಮಿಲಿಸೆಕೆಂಡ್ ಬಿಡುವಿಲ್ಲದೆ ಕಡಿದೇ ಇದ್ದರೆ ಮಾತ್ರ ಮುಂದಿನ ಹೆಜ್ಜೆ ಅಂತ ಪ್ರೋಗ್ರಾಂ ಬರೆಯಿರಿ. ಕಿರಣವನ್ನು ನಡುವಿಗಿಂತ ಸ್ವಲ್ಪ ಕೆಳಗೆ ಇಟ್ಟರೆ ಇನ್ನೂ ಭದ್ರ. ಬಣ್ಣ ಸೋರಿ ಸೆನ್ಸರ್ ಮುಚ್ಚಿದರೆ ಯಂತ್ರ ‘ಬಾಲ್ ಇದೆ’ ಅಂತಲೇ ನಂಬುತ್ತದೆ. ಬೋಲ್ಟ್ ಮುಂದೆ ಹೋಗಿ ಹಿಂದೆ ಬರುವ ಪ್ರತಿ ಸುತ್ತಿನಲ್ಲೂ ಒಮ್ಮೆ ಕಿರಣ ತೆರೆದದ್ದು ಕಾಣಲೇಬೇಕು, ಕಾಣದಿದ್ದರೆ ನಿಲ್ಲು ಅಂತ ಒಂದು ಸಾಲು ಸೇರಿಸಿ.

ಎರಡು ಬಾಲ್ ಒಟ್ಟಿಗೆ ಹೋಗುವುದಕ್ಕೆ ಮದ್ದು ಡಿಟೆಂಟ್. ಮೊದಲ ಬಾಲ್ ಬ್ರೀಚಿಗೆ ಬಿದ್ದ ಮೇಲೆ ಮುಂದಕ್ಕೆ ಉರುಳಿ ಬ್ಯಾರೆಲ್ ಸೇರುತ್ತದೆ. ಜಾಗ ಖಾಲಿ ಆಯಿತಲ್ಲ, ಎರಡನೆಯದು ಬೀಳುತ್ತದೆ. ಗಾಳಿ ಎರಡನ್ನೂ ತಳ್ಳುತ್ತದೆ. ಮೊದಲ ಬಾಲ್ ಉರುಳದ ಹಾಗೆ ಬ್ರೀಚಿನ ಪಕ್ಕದಿಂದ ಒಳಗೆ ಸ್ವಲ್ಪ ಇಣುಕುವ ಮೆತ್ತಗಿನ ಮೊಳೆಯೇ ಡಿಟೆಂಟ್. ಬಾಲಿನ ತೂಕ 0.03 ನ್ಯೂಟನ್ ಅಷ್ಟೇ, ಮೇಲಿನ ಸಾಲಿನ ಒತ್ತು ಸೇರಿದರೂ ಅದರ ಕೆಲವು ಪಟ್ಟು. ಅದಕ್ಕೆ ಗಟ್ಟಿ ಸ್ಪ್ರಿಂಗ್ ಯಾಕೆ? ರಬ್ಬರ್ ಅಥವಾ ಸಿಲಿಕಾನ್ ನಾಲಗೆ ಸಾಕು. ಎರಡೂ ಪಕ್ಕ ಒಂದೊಂದು ಇರಲಿ, ಒಂದೇ ಇದ್ದರೆ ಬಾಲ್ ಓರೆಯಾಗುತ್ತದೆ. ಬ್ಯಾರೆಲನ್ನು ನೇರ ಕೆಳಕ್ಕೆ ಮಾಡಿ ಅಲುಗಾಡಿಸಿ. ಬಾಲ್ ನಿಂತರೆ ಡಿಟೆಂಟ್ ಸರಿ ಇದೆ. ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಗುರುತು ಬೀಳದೆ ದಾಟಿದರೆ ಇನ್ನೂ ಸರಿ.

ಬೋಲ್ಟ್ ತಳ್ಳುವುದು ಯಾವುದರಿಂದ? ನಿಮ್ಮ ಕಾಲೇಜಿನ ನ್ಯುಮ್ಯಾಟಿಕ್ಸ್ ಲ್ಯಾಬಿನಲ್ಲಿ ಗಾಳಿಯ ಒತ್ತಡದಿಂದ ತಳ್ಳುವ ಸಿಲಿಂಡರ್ ಇದ್ದೇ ಇರುತ್ತದೆ, ಅದನ್ನೇ ನೇರ ಜೋಡಿಸುವ ಆಸೆ ಬರುತ್ತದೆ. 16 ಮಿಲಿಮೀಟರ್ ವ್ಯಾಸದ ಸಿಲಿಂಡರ್ ಬರೀ 2 ಬಾರ್ ಒತ್ತಡದಲ್ಲಿ 40 ನ್ಯೂಟನ್ ತಳ್ಳುತ್ತದೆ. ಸಿಕ್ಕಿಕೊಂಡ ಬಾಲಿನ ಮೇಲೆ 4 ಕೆಜಿ ಇಟ್ಟ ಹಾಗಾಯಿತು. ಒಡೆಯದೆ ಏನಾಗುತ್ತದೆ! ನನ್ನ ಅಭಿಪ್ರಾಯದಲ್ಲಿ ಮುಂದಕ್ಕೆ ತಳ್ಳುವ ಕೆಲಸ ಒಂದು ಮೆತ್ತಗಿನ ಸ್ಪ್ರಿಂಗಿನದು, ಹಿಂದಕ್ಕೆ ಎಳೆಯುವುದು ಸರ್ವೋ ಮೋಟರಿನದು ಅಥವಾ ಸಿಲಿಂಡರಿನದು. ಆಗ ಬಾಲಿನ ಮೇಲೆ ಬೀಳುವ ಬಲ ಸ್ಪ್ರಿಂಗಿನದ್ದಷ್ಟೇ. ಬಾಲ್ ಅರ್ಧದಲ್ಲಿ ಸಿಕ್ಕಿದರೆ ಬೋಲ್ಟ್ ಅಲ್ಲೇ ನಿಲ್ಲುತ್ತದೆ, ಕತ್ತರಿಸುವುದಿಲ್ಲ. ಬೋಲ್ಟ್ ಪೂರ್ತಿ ಮುಂದೆ ಬಂದಿದ್ದನ್ನು ತಿಳಿಸಲು ಒಂದು ಮೈಕ್ರೋಸ್ವಿಚ್ ಇಡಿ. ಆ ಸ್ವಿಚ್ ಒತ್ತದ ಹೊರತು ಮುಂದಿನ ಹಂತಕ್ಕೆ ವಿದ್ಯುತ್ತೇ ಹೋಗಬಾರದು. ಇದನ್ನು ಪ್ರೋಗ್ರಾಂನಲ್ಲಿ ಬಿಡದೆ ವೈರಿಂಗಿನಲ್ಲೇ ಮಾಡಿ.

ಈಗ ಫೈರಿಂಗ್. ಮೈದಾನದಲ್ಲಿ ಬಾಡಿಗೆಗೆ ಸಿಗುವ ಸಾಮಾನ್ಯ ಸೆಮಿ ಆಟೋ ಮಾರ್ಕರ್‌ನಲ್ಲಿ ಕೆಳಗಿನ ಕೊಳವೆಯೊಳಗೆ ಹಿಂದೆ ಸ್ಪ್ರಿಂಗ್ ಇರುವ ಹ್ಯಾಮರ್ ಎಂಬ ಲೋಹದ ತುಂಡು ಇರುತ್ತದೆ, ಸಿಯರ್ ಎಂಬ ಕೊಕ್ಕೆ ಅದನ್ನು ಹಿಡಿದಿರುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಟ್ಟು, ಹ್ಯಾಮರ್ ಓಡಿ ವಾಲ್ವಿನ ಮೊಳೆಗೆ ಬಡಿಯುತ್ತದೆ. ವಾಲ್ವ್ ಕೆಲವೇ ಮಿಲಿಸೆಕೆಂಡ್ ತೆರೆಯುತ್ತದೆ. ಹೊರಬಂದ ಗಾಳಿಯಲ್ಲಿ ಒಂದು ಪಾಲು ಬೋಲ್ಟಿನ ಮೂಲಕ ಬಾಲಿನ ಹಿಂದಕ್ಕೆ, ಇನ್ನೊಂದು ಪಾಲು ಹ್ಯಾಮರನ್ನು ಹಿಂದಕ್ಕೆ ತಳ್ಳಿ ಮತ್ತೆ ಕೊಕ್ಕೆಗೆ ಸಿಕ್ಕಿಸುತ್ತದೆ. ಹ್ಯಾಮರಿಗೂ ಬೋಲ್ಟಿಗೂ ಒಂದು ಕಡ್ಡಿಯ ಜೋಡಣೆ ಇರುವುದರಿಂದ ಬೋಲ್ಟೂ ಹಿಂದೆ ಬಂದು ಮುಂದಿನ ಬಾಲಿಗೆ ಜಾಗ ಕೊಡುತ್ತದೆ. ಲೋಡಿಂಗ್ ಮತ್ತು ಫೈರಿಂಗ್ ಒಂದೇ ಓಟದ ಎರಡು ತುದಿ. ಮೊದಲು ಕೂರಿಸು, ಮುಚ್ಚು, ಆಮೇಲೆ ಗಾಳಿ ಎಂಬ ಕ್ರಮ ಲೋಹದಲ್ಲೇ ಬರೆದಿದೆ. ನನಗೆ ಈ ಯಂತ್ರದಲ್ಲಿ ತುಂಬ ಇಷ್ಟವಾಗುವುದು ಅದು. ಹಳೆಯ ಪಂಪ್ ಮಾರ್ಕರ್‌ಗಳಲ್ಲಿ ಇದೇ ಕ್ರಮವನ್ನು ಕೈ ಮಾಡುತ್ತಿತ್ತು.

ಒತ್ತಡ ಜಾಸ್ತಿ ಬೇಕಾ ಅಂದಿರಲ್ಲ, ಇದನ್ನು ನೋಡಿ. ಮೈದಾನಗಳಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ, ಅಂದರೆ 91 ಮೀಟರ್. 3 ಗ್ರಾಂ ಬಾಲಿಗೆ ಆ ವೇಗದಲ್ಲಿ ಸುಮಾರು 12 ಜೂಲ್ ಶಕ್ತಿ. ಬ್ಯಾರೆಲಿನ 25 ಸೆಂಟಿಮೀಟರ್ ಉದ್ದದಲ್ಲಿ ಅಷ್ಟು ಕೊಡಲು ಬಾಲಿನ ಹಿಂದೆ ಬೇಕಾದ ಸರಾಸರಿ ಒತ್ತಡ 2 ಬಾರ್ ಆಸುಪಾಸು, ಅಷ್ಟೇ. ಅದಕ್ಕಿಂತ ತುಂಬ ಹೆಚ್ಚು ಒಮ್ಮೆಲೇ ಬಡಿದರೆ ಬಾಲ್ ಒಳಗೇ ಒಡೆಯಬಹುದು. ನಿಮ್ಮಲ್ಲಿ ಬಾಲ್ ಸೋಮಾರಿಯಾಗಿ ಹೋಗುತ್ತಿದ್ದರೆ ಅದಕ್ಕೆ ಕಾರಣ ಮೇಲಿನ ತೂತಿನಿಂದ ಹೋಗುವ ಗಾಳಿ ಮತ್ತು ಸಡಿಲ ಬ್ಯಾರೆಲ್. ಬ್ಯಾರೆಲಿನ ಅಳತೆ ನೋಡಲು ಆಟಗಾರರ ಹಳೇ ಪರೀಕ್ಷೆ ಇದೆ. ಮಾರ್ಕರಿನಿಂದ ಬಿಚ್ಚಿದ ಬ್ಯಾರೆಲಿಗೆ ಬಾಲ್ ಹಾಕಿ. ತಾನಾಗಿ ಉರುಳಿ ಹೋಗಬಾರದು. ಬಾಯಿಯಿಂದ ಊದಿದರೆ ಹೋಗಬೇಕು.

ನಿಮ್ಮ ಪಿವಿಸಿ ಟ್ಯಾಂಕಿನ ಬಗ್ಗೆ ನನಗೆ ನಿಜವಾಗಿ ಭಯ ಇದೆ. ಪೈಪಿನ ಮೇಲೆ ಬರೆದಿರುವ ಒತ್ತಡದ ಸಂಖ್ಯೆ ನೀರಿಗೆ. ನೀರು ಕುಗ್ಗುವುದಿಲ್ಲ, ಹಾಗಾಗಿ ಪೈಪ್ ಬಿರಿದರೆ ಸೋರಿ ನಿಲ್ಲುತ್ತದೆ. ಗಾಳಿ ಕುಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. 8 ಬಾರ್‌ನಲ್ಲಿ 1 ಲೀಟರ್ ಗಾಳಿಯಲ್ಲಿ ನೂರಾರು ಜೂಲ್ ಇರುತ್ತದೆ, ನಿಮ್ಮ ಬಾಲಿಗೆ ಬೇಕಾದದ್ದು ಹೆಚ್ಚೆಂದರೆ 12. ಉಳಿದದ್ದೆಲ್ಲ ನಿಮ್ಮ ಮುಖದ ಪಕ್ಕದಲ್ಲಿ ಕೂತಿರುತ್ತದೆ. ಪಿವಿಸಿ ಒಡೆದರೆ ಸೀಳಿ ನಿಲ್ಲುವುದಿಲ್ಲ, ಚೂಪು ಚೂರುಗಳಾಗಿ ಸಿಡಿಯುತ್ತದೆ. ಬಿಸಿಲಿನಲ್ಲಿ ಹಳೆಯದಾದಷ್ಟೂ ಪೆಡಸಾಗುತ್ತದೆ. ಮೇಲೆ ಟೇಪ್ ಸುತ್ತಿದರೆ ಏನೂ ಬದಲಾಗುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ತರೋಣ ಅನ್ನುವ ಯೋಚನೆಯೂ ಬೇಡ. ಅದರೊಳಗಿನ ಒತ್ತಡ 20 ಡಿಗ್ರಿಯಲ್ಲಿ 57 ಬಾರ್, 30 ಡಿಗ್ರಿಯಲ್ಲಿ 72. ಏಪ್ರಿಲ್‌ನಲ್ಲಿ ಟೆರೇಸ್ ಮೇಲೆ ಇಟ್ಟರೆ ಅದಕ್ಕೂ ಮೇಲೆ ಹೋಗುತ್ತದೆ. ಅದಕ್ಕೆ ತಕ್ಕ ವಾಲ್ವ್, ರೆಗ್ಯುಲೇಟರ್ ಪರೀಕ್ಷೆ ಆದ ಭಾಗಗಳಾಗಿರಬೇಕು, ಮನೆಯಲ್ಲಿ ಮಾಡುವಂಥವಲ್ಲ.

ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ಎಂದು ಹೇಳುವಾಗ ಸ್ಫೋಟಕದಿಂದ ಅಥವಾ ಬೇರೆ ಬಗೆಯ ಶಕ್ತಿಯಿಂದ ಏನನ್ನಾದರೂ ಹಾರಿಸುವ ಆಯುಧಗಳನ್ನು ಸೇರಿಸುತ್ತದೆ. ಅದರ 5ನೇ ಸೆಕ್ಷನ್ ತಯಾರಿಕೆಗೆ ಲೈಸೆನ್ಸ್ ಕೇಳುತ್ತದೆ. 2016ರ ನಿಯಮಗಳು ಏರ್‌ಗನ್‌ಗಳಿಗೆ 20 ಜೂಲ್ ಮತ್ತು 4.5 ಮಿಲಿಮೀಟರ್ ಬೋರ್ (ನಳಿಗೆಯ ಒಳವ್ಯಾಸ) ಎಂಬ ಗೆರೆ ಎಳೆದಿವೆ. ನಿಮ್ಮದು ಶಕ್ತಿಯಲ್ಲಿ ಗೆರೆಯ ಒಳಗೆ, ಬೋರಿನಲ್ಲಿ ಹೊರಗೆ. ‘ಆಟಕ್ಕೆ ಮಾಡಿದ್ದು ಸಾರ್’ ಅಂದರೆ ಸಾಕಾಗುತ್ತದೆ ಅಂತ ನಾನಂತೂ ಧೈರ್ಯ ಹೇಳಲಾರೆ. ಗಾಳಿಯಿಂದ ಹಾರಿಸುವ ಯಾವುದನ್ನೇ ಕಟ್ಟುವ ಮುಂಚೆ ಕಾಲೇಜಿನ ಮೂಲಕ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಗೆ ಬರೆದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಹಾಗಾದರೆ ಪ್ರಾಜೆಕ್ಟ್ ಬಿಡಬೇಕಾ? ಖಂಡಿತ ಬೇಡ. ಹಾರಿಸುವ ಭಾಗ ತೆಗೆದುಬಿಡಿ, ಲೋಡಿಂಗ್ ಯಂತ್ರವನ್ನು ಪೂರ್ತಿ ಮಾಡಿ. ಮೇಜಿನ ಮೇಲೆ ಕೂತ ಹಾಪರ್, ಅಕ್ರಿಲಿಕ್ ಬ್ರೀಚ್, ಸ್ಪ್ರಿಂಗ್ ಬೋಲ್ಟ್, ಎರಡು ಡಿಟೆಂಟ್, ಕಿರಣದ ಕಣ್ಣು. ಬ್ಯಾರೆಲಿನ ಜಾಗದಲ್ಲಿ ಒಂದು ಗೇಣಿನಷ್ಟು ಇಳಿಜಾರು ಕೊಳವೆ, ಅದರ ಕೆಳಗೆ ಬಟ್ಟೆ ಹಾಸಿದ ತಟ್ಟೆ. ಬೋಲ್ಟ್ ಬಾಲನ್ನು ಡಿಟೆಂಟ್ ದಾಟಿಸಿ ಕೊಳವೆಗೆ ತಳ್ಳುತ್ತದೆ, ಬಾಲ್ ಉರುಳಿ ತಟ್ಟೆಗೆ ಬರುತ್ತದೆ. ವಾಲ್ವ್ ತೆರೆಯಬೇಕಾದ ಕ್ಷಣದಲ್ಲಿ ಒಂದು ಎಲ್‌ಇಡಿ ಹತ್ತಲಿ. ಮೊದಲು ಅದೇ ಅಳತೆಯ ರಬ್ಬರ್ ಬಾಲ್, ರೀಬಾಲ್ ಅನ್ನುತ್ತಾರಲ್ಲ, ಅದರಲ್ಲಿ ಹೊಂದಿಸಿ. ಆಮೇಲೆ ಬಣ್ಣದ ಬಾಲ್. ಒಡೆದದ್ದು, ಎರಡು ಬಂದದ್ದು, ಸಿಕ್ಕಿಕೊಂಡದ್ದು ಬೇರೆ ಬೇರೆ ಬರೆದುಕೊಳ್ಳಿ. ಫೋನಿನ ಸ್ಲೋ ಮೋಷನ್‌ನಲ್ಲಿ ಬ್ರೀಚ್ ಚಿತ್ರ ತೆಗೆದರೆ ಬಾಲ್ ಪುಟಿಯುವುದು ಕಾಣುತ್ತದೆ, ನಿಮ್ಮ 25 ಮಿಲಿಸೆಕೆಂಡ್ ಸಾಕೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಪರೀಕ್ಷಕರ ಮುಂದೆ ಇಡಲು ಇದು ಎಷ್ಟೋ ಗಟ್ಟಿ ಕೆಲಸ. ಔಷಧಿ ಪ್ಯಾಕಿಂಗ್ ಯಂತ್ರದಲ್ಲಿ ಕ್ಯಾಪ್ಸೂಲ್ ಒಂದೊಂದಾಗಿ ಇಳಿಸುವವರೂ ಇದೇ ಸಮಸ್ಯೆ ಬಿಡಿಸುತ್ತಾರೆ. ಕೆಲಸ ಹುಡುಕುವಾಗ ಅದನ್ನು ಹೇಳಿ.

ಹಾರಿಸುವ ಖುಷಿ ಬೇಕಾದರೆ ಊರಿನ ಸುತ್ತಮುತ್ತ ಪೇಂಟ್‌ಬಾಲ್ ಆಡಿಸುವ ಜಾಗಗಳಿವೆ, ಅಲ್ಲಿಗೆ ಹೋಗಿ. ಜನ ಕಡಿಮೆ ಇರುವ ವಾರದ ದಿನ ಹೋಗಿ ಕೇಳಿಕೊಂಡರೆ ಮಾರ್ಕರ್ ಬಿಚ್ಚಿ ತೊಳೆಯುವಾಗ ಪಕ್ಕದಲ್ಲಿ ನಿಲ್ಲಲು ಬಿಡಬಹುದು. ಬೋಲ್ಟ್ ಕೈಯಲ್ಲಿ ಹಿಡಿದು ನೋಡಿ, ವರ್ನಿಯರ್ ಜೇಬಲ್ಲಿರಲಿ. ಮಾಸ್ಕ್ ಮಾತ್ರ ಮೈದಾನದಲ್ಲಿ ಒಂದು ಕ್ಷಣವೂ ತೆಗೆಯಬೇಡಿ. ಎಎಸ್‌ಟಿಎಂ ಎಫ್1776 ಎಂಬ ಸುರಕ್ಷತೆಯ ಮಾನದಂಡ ಬರೆದಿರುವ, ಪೇಂಟ್‌ಬಾಲಿಗೇ ಮಾಡಿದ ಮಾಸ್ಕ್ ಆಗಿರಬೇಕು. ಲ್ಯಾಬಿನ ಗಾಗಲ್ಸ್, ಹೆಲ್ಮೆಟ್ಟಿನ ಗಾಜು ಇದಕ್ಕೆ ಆಗಿಬರುವುದಿಲ್ಲ. 17 ಮಿಲಿಮೀಟರ್ ಬಾಲ್ ಕಣ್ಣಿನ ಗುಳಿಯೊಳಗೆ ನೇರ ಹೋಗುವ ಗಾತ್ರ. ದೀಪಾವಳಿ ಸಮಯದಲ್ಲಿ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಕೂತಿರುವ ಮಕ್ಕಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಚಿಕ್ಕ ವಿಷಯ. ಅಕ್ರಿಲಿಕ್ ಬ್ರೀಚನ್ನು ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಹಾಕಿ ಒರೆಸಬೇಡಿ, ಸಣ್ಣ ಬಿರುಕು ಬಿಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಜೆಲಟಿನ್ನೂ ಬಣ್ಣವೂ ಎರಡೂ ಹೋಗುತ್ತವೆ. ಪೂರ್ತಿ ಒಣಗಿದ ಮೇಲೆ ಬಾಲ್ ಹಾಕಿ, ಒಂದು ಹನಿ ನೀರಿದ್ದರೂ ಮುಂದಿನ ಸಿಪ್ಪೆ ಅಂಟಿಕೊಳ್ಳುತ್ತದೆ. ಮುಂದಿನ ಸಲ ಬರೆಯುವಾಗ ಮೂರು ಅಳತೆ ಕಳಿಸಿ: ನೀವು ಅಳೆದ ಬಾಲ್‌ಗಳ ಪಟ್ಟಿ, ಬ್ರೀಚಿನ ಒಳವ್ಯಾಸ, ಬೋಲ್ಟ್ ಮುಂದೆ ನಿಂತಾಗ ತೂತಿನ ಅಂಚಿನಿಂದ ಅದರ ಎರಡೂ ತುದಿಗೆ ಇರುವ ದೂರ. ಆಗ ಡಿಟೆಂಟ್ ಎಲ್ಲಿ ಕೊರೆಯಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.